ಕಾಡು ಉಳಿಸಿ ಎನ್ನುವವರೇ, ಮೊದಲು ಪಟ್ಟಾ ಕೊಡಿ



ಸಂತೆಯಿಂದ ಬರುವಾಗ ನಿಮ್ಮ ಮಕ್ಕಳು ಹಟ ಹಿಡಿದು ಕೇಳುವ ಚಾಕೊಲೇಟು ಕೊಕ್ಕೋ ಎಂಬ ಮರದ ಬೀಜದಿಂದ ಆಗುತ್ತದೆ. ಹಲಸಿನಂತೆ ಕಾಂಡಕ್ಕೇ ಕಾಯಿ ಬಿಡುವ ಮರ ಅದು. ನೆರಳು ಬೇಕು, ತಂಪು ಬೇಕು, ದೊಡ್ಡ ಮರಗಳ ಕೆಳಗೆ ಬೆಳೆಯುತ್ತದೆ. ನಮ್ಮ ಬೊಮ್ಮನಹಾಳ್ ಸೀಮೆಯಲ್ಲಿ ಅದು ಬದುಕಲಾರದು. ಇಲ್ಲಿ ಶೇಂಗಾ ಕೈಗೆ ಹತ್ತಿದರೆ ಅದೇ ಪುಣ್ಯ. ಆದರೆ ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಅಡಿಕೆ ತೋಟದ ನಡುವೆ ಅದು ಬೆಳೆಯುತ್ತದೆ. ಇಡೀ ದೇಶದಲ್ಲೇ ಹೆಚ್ಚು ಬೆಳೆಯುವುದು ನಮ್ಮ ಆಂಧ್ರದಲ್ಲಿ, ಗೋದಾವರಿ ಸೀಮೆಯ ತೆಂಗಿನ ತೋಟಗಳಲ್ಲಿ. 2024 ರಲ್ಲಿ ಈ ಬೀಜದ ಬೆಲೆ ಲೋಕವೆಲ್ಲಾ ಬೆರಗಾಗುವಂತೆ ಏರಿತು. ಹೊರದೇಶದ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಪುತ್ತೂರು, ಸುಳ್ಯದ ಕಡೆ ಹಸಿ ಬೀಜಕ್ಕೇ ಕಿಲೋಗೆ 300 ರೂಪಾಯಿಯ ಆಚೀಚೆ ಸಿಕ್ಕಿತು. ಎರಡು ಎಕರೆಯ ಸಣ್ಣ ರೈತನೂ ಆ ವರ್ಷ ಸಾಲ ತೀರಿಸಿ ಉಸಿರುಬಿಟ್ಟ.

ತೋಟದಲ್ಲಿ ದುಡಿಯುವ ನಮಗೆ ಆ ಬೆಲೆಯಿಂದ ಬಂದದ್ದೇನು? ಏನೂ ಇಲ್ಲ. ಯಾಕೆ ಇಲ್ಲ ಎಂಬುದನ್ನೇ ಈ ಸಲ ಬರೆಯುತ್ತೇನೆ. ಲೈನ್‌ಮನೆಯ ಹಿಂದೆ ಹತ್ತು ಅಡಿ ಜಾಗವಿದೆ. ಅಲ್ಲಿ ನಾಲ್ಕು ಕೊಕ್ಕೋ ಗಿಡ ನೆಡಿ ನೋಡೋಣ. ಮಾರನೆಯ ದಿನವೇ ರೈಟರ್ ಬಂದು ಕೇಳುತ್ತಾನೆ: "ಇದು ಯಾರಪ್ಪನ ಜಾಗ?" ಆ ಪ್ರಶ್ನೆಗೆ ಉತ್ತರವಾಗಿ ತೋರಿಸಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ನಲವತ್ತು ವರ್ಷ ದುಡಿದ ತಾಯಿಗೂ ಇಲ್ಲ, ಅದೇ ಲೈನಿನಲ್ಲಿ ಹುಟ್ಟಿದ ಮಗನಿಗೂ ಇಲ್ಲ.

ಕರಾವಳಿಯ ಆ ಸಣ್ಣ ರೈತನಿಗೆ ನೆಲ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅವನ ಅಪ್ಪನೋ ಅಜ್ಜನೋ ಗೇಣಿದಾರನಾಗಿದ್ದ. 1974 ರ ಮಾರ್ಚ್ 1 ರಿಂದ ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಉಳುವವನೇ ಹೊಲದೊಡೆಯ ಎಂದು ಊರೂರಿನಲ್ಲಿ ಸಾರಿದರು. ಏಳನೇ ನಂಬರ್ ಫಾರಂ ತುಂಬಿ ಟ್ರಿಬ್ಯೂನಲ್ಲಿಗೆ ಕೊಟ್ಟವರು ಸಾವಿರ ಸಾವಿರ ಮಂದಿ; ಧಣಿಗಳ ಬೆದರಿಕೆಗೆ ಹೆದರಿ ಕೊಡದೆ ಉಳಿದವರೂ ಇದ್ದರು, ಕೊಟ್ಟವರಿಗೆ ನೆಲ ದಕ್ಕಿತು. ನೆಲ ದಕ್ಕಿದ ಮೇಲೆ ತಾನೇ ಅವನು ಅಡಿಕೆಯ ನಡುವೆ ಕೊಕ್ಕೋ ಇಟ್ಟದ್ದು? ಗೇಣಿದಾರನಾಗಿದ್ದಾಗ ಆರು ತಿಂಗಳ ಬೆಳೆಯ ಆಚೆ ಯೋಚಿಸುವ ಧೈರ್ಯ ಅವನಿಗೆಲ್ಲಿತ್ತು? ಮರ ನೆಡುವವನಿಗೆ ನಾಳೆ ತನ್ನದೆಂಬ ನಂಬಿಕೆ ಬೇಕು.

ಅವನ ಹಾದಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಕೊಕ್ಕೋ ಬೆಳೆಯಿರಿ ಎಂದು ಹುರಿದುಂಬಿಸಿದ ಕಂಪೆನಿಯೇ 1979-80 ರ ಹೊತ್ತಿಗೆ ಬೆಲೆ ಕುಸಿದಾಗ ಖರೀದಿಯಿಂದ ಹಿಂದೆ ಸರಿಯಿತು. ಕಾಯಿ ಮರದಲ್ಲೇ ಕೊಳೆತವು. ಎಷ್ಟೋ ಜನ ಗಿಡ ಕಡಿದರು. ಆಗ ರೈತರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ, ಅದು ಹುಟ್ಟಿದ್ದು 1973 ರಲ್ಲಿ ಅಡಿಕೆಗಾಗಿ, ಎರಡು ರಾಜ್ಯ ಸರ್ಕಾರಗಳ ಕೋರಿಕೆಯಂತೆ ಕೊಕ್ಕೋ ಖರೀದಿಗೂ ಇಳಿಯಿತು. 1986 ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಕಂಪೆನಿ ಕೈಬಿಟ್ಟಾಗ ರೈತ ಸಹಕಾರ ಸಂಘ ಕಟ್ಟಿ ನಿಂತ. ಅವನ ಕಾಲ ಕೆಳಗೆ ಸ್ವಂತ ನೆಲವಿತ್ತು, ಅದರಿಂದ ನಿಲ್ಲಲು ಸಾಧ್ಯವಾಯಿತು. ಗುತ್ತಿಗೆ ಒಕ್ಕಲಾಗಿದ್ದರೆ ಬೆಲೆ ಬಿದ್ದ ವರ್ಷವೇ ಗಂಟುಮೂಟೆ ಕಟ್ಟುತ್ತಿದ್ದ.

ಇನ್ನು ನಮ್ಮ ಪಾಲಿನ ಕಥೆ. ಅದೇ 1974 ರ ಕಾಯ್ದೆ ಘಟ್ಟ ಹತ್ತಿ ಕಾಫಿ ತೋಟದ ಗೇಟಿಗೆ ಬಂದಾಗ ಅಲ್ಲಿಯೇ ನಿಂತುಬಿಟ್ಟಿತು. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಭೂಮಿತಿ ಇಲ್ಲ ಎಂದು ಕಾಯ್ದೆಯಲ್ಲೇ ಬರೆದಿಟ್ಟರು. ಅಡಿಕೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಅಡಿಕೆಯ ಗೇಣಿದಾರ ಒಡೆಯನಾದ, ಕಾಫಿಯ ಆಳು ಆಳಾಗಿಯೇ ಉಳಿದ. ಕೇರಳದ ಕಾಯ್ದೆಯಲ್ಲಿಯೂ ಇದೇ ಬಾಗಿಲು. ಅಲ್ಲಿಯ ಪಟ್ಟಿಯಲ್ಲಂತೂ ಟೀ, ಕಾಫಿ, ರಬ್ಬರುಗಳ ಜೊತೆ ಕೊಕ್ಕೋವಿನ ಹೆಸರೂ ಇದೆ. ತೋಟ ಒಡೆದರೆ ಉತ್ಪಾದನೆ ಕುಸಿಯುತ್ತದೆ, ವಿದೇಶಿ ವಿನಿಮಯ ನಿಲ್ಲುತ್ತದೆ ಎಂಬುದು ಆಗ ಹೇಳಿದ ಕಾರಣ. ಕರಾವಳಿಯಲ್ಲಿ ನೆಲ ಹಂಚಿದ ಮೇಲೆ ಅಡಿಕೆ ಕುಸಿಯಿತೇ? ಯಾರಾದರೂ ಪ್ರಾಮಾಣಿಕವಾಗಿ ಉತ್ತರ ಹೇಳಲಿ.

ನೆಲದ ಬದಲು ನಮಗೆ ಸಿಕ್ಕಿದ್ದು ಮನೆ ಕೊಡುವ ಭರವಸೆ. 1951 ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕನು ಮನೆ ಒದಗಿಸತಕ್ಕದ್ದು ಎಂದಿತು. ಒಳ್ಳೆಯದೇ. ಆದರೆ ಅದು ಕೆಲಸ ಇರುವಷ್ಟು ದಿನದ ಮನೆ. ಬೆನ್ನು ಬಗ್ಗಿ ಕೆಲಸ ಮುಗಿದ ದಿನ ಮನೆಯೂ ಮುಗಿಯಿತು. ಆ ಕಾಯ್ದೆಯನ್ನೂ ಈಗ 2020 ರ ಹೊಸ ಸಂಹಿತೆಯೊಳಗೆ ಸೇರಿಸಿ ಹಳೆಯದನ್ನು ತೆಗೆದುಹಾಕಿದ್ದಾರೆ. ಬಾಡಿಗೆಯಿಲ್ಲದ ಮನೆಯೆಂದು ಹೇಳುತ್ತಾರೆ. ಬಾಯಿ ಬಿಡದಿರುವುದೇ ಅದರ ಬಾಡಿಗೆ ಎಂದು ಲೈನಿನಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಿರುವಾಗ ಕೆಲಸ ಕಳೆದುಕೊಂಡವರು, ಲೈನಿನಿಂದ ಹೊರಬಿದ್ದವರು ಎಲ್ಲಿಗೆ ಹೋಗಬೇಕು? ಕೊಡಗಿನ ದಿಡ್ಡಳ್ಳಿಗೆ ಹೋದರು. ತೋಟಗಳ ಲೈನ್‌ಮನೆಯಲ್ಲಿ ತಲೆಮಾರುಗಳಿಂದ ಜೀತದಂತೆ ಬದುಕಿದ ಯರವ, ಜೇನುಕುರುಬ ಮತ್ತಿತರ ಬಡ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡವು. 2016 ರ ಡಿಸೆಂಬರ್ 7 ರಂದು ಅರಣ್ಯ ಇಲಾಖೆ ಪೊಲೀಸರೊಂದಿಗೆ ಬಂದು 577 ಗುಡಿಸಲುಗಳನ್ನು ಕೆಡವಿಹಾಕಿತು. ಕಾಡು ಉಳಿಸಲಿಕ್ಕಂತೆ! ಡಿಸೆಂಬರಿನ ಕೊಡಗಿನ ಚಳಿಯಲ್ಲಿ ಎಳೆಗೂಸುಗಳನ್ನು ಎದೆಗವಚಿಕೊಂಡು ಮರದಡಿಯಲ್ಲಿ ಕುಳಿತ ತಾಯಂದಿರ ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲಾ ಬಂತು. ತಿಂಗಳುಗಟ್ಟಲೆ ಹೋರಾಡಿದ ಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಪುನರ್ವಸತಿ ದೊರೆಯಿತು. ಹೋರಾಟ ಮಾಡಿದ್ದರಿಂದ ದೊರೆಯಿತು, ಯಾರೂ ಕರೆದು ಕೊಡಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. 2022 ರಲ್ಲಿ ಕರ್ನಾಟಕ ಸರ್ಕಾರ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಕೊಡಗು, ಚಿಕ್ಕಮಗಳೂರು, ಹಾಸನದಂಥ ಕಡೆ ಸರ್ಕಾರಿ ಕಂದಾಯ ಭೂಮಿಯನ್ನು ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆ ಕೊಡುವ ಏರ್ಪಾಡು ಅದು. ಮೂರು ಸೆಂಟಿನಲ್ಲಿ ಗುಡಿಸಲು ಹಾಕಿದವನು ಅತಿಕ್ರಮಣಕಾರ. 25 ಎಕರೆಗೆ ಬೇಲಿ ಹಾಕಿದವನು ಬೆಳೆಗಾರ! ಮೊದಲನೆಯವನಿಗೆ ಬುಲ್ಡೋಜರ್, ಎರಡನೆಯವನಿಗೆ ಗುತ್ತಿಗೆ ಪತ್ರ. ಅದು ಕಂದಾಯದ ಭೂಮಿ, ಇದು ಅರಣ್ಯದ ಭೂಮಿ ಎಂದು ವಕೀಲರು ವಾದ ಹೂಡಬಹುದು. ಮಳೆ ಬೀಳುವಾಗ ಮಣ್ಣು ಆ ಭೇದ ನೋಡುತ್ತದೆಯೇ? ಆನೆ ದಾರಿ ನಡೆಯುವಾಗ ಸರ್ವೇ ನಂಬರ್ ಓದುತ್ತದೆಯೇ? ಗುಡ್ಡದ ಮರ ಕಡಿದು ಕಾಫಿ ಹಾಕಿದ್ದು ಕಾಡಿಗೆ ಕೇಡಲ್ಲ, ಮಣ್ಣಿನ ಗೋಡೆಯ ಗುಡಿಸಲು ಕೇಡು ಎಂಬ ನ್ಯಾಯ ಯಾವ ಊರಿನದು?

ನಾಬೋತನ ದ್ರಾಕ್ಷಿತೋಟದ ಕಥೆಯನ್ನು ನೀವೆಲ್ಲಾ ಉಪದೇಶದ ತರಗತಿಯಲ್ಲಿ ಕೇಳಿದ್ದೀರಿ. ಅಹಾಬ ಅರಸನು ಬಡವನ ತೋಟ ಕಸಿದದ್ದು ಕತ್ತಿ ಹಿಡಿದಲ್ಲ. ಕಾಗದ ಬರೆಸಿ, ಮುದ್ರೆ ಒತ್ತಿಸಿ, ಸುಳ್ಳು ಸಾಕ್ಷಿ ಹೇಳಿಸಿ. ಕಾಗದ ಬಲ್ಲವನಿಗೆ ನೆಲ ಸೇರುವುದು ಹಳೆಯ ಪದ್ಧತಿ.

ನಮ್ಮ ಸೀಮೆಯದೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಬೊಮ್ಮನಹಾಳಿಗೆ ದೂರವಿಲ್ಲದ ಡಿ. ಹಿರೇಹಾಳ್ ಮಂಡಲದ ಓಬಳಾಪುರಂನಲ್ಲಿ ಬಳ್ಳಾರಿ ಮೀಸಲು ಅರಣ್ಯದ ಗುಡ್ಡಗಳನ್ನು ಕಬ್ಬಿಣದ ಅದಿರಿಗಾಗಿ ಕರಗಿಸಿದ್ದನ್ನು ಲೋಕವೇ ನೋಡಿತು. ಎರಡು ರಾಜ್ಯಗಳ ಗಡಿಗುರುತುಗಳೇ ಅಳಿಸಿಹೋದವು ಎಂಬ ದೂರು ಬಂತು. ಸಿಬಿಐ ಮೊಕದ್ದಮೆ ಹೂಡಿದ್ದು 2009 ರಲ್ಲಿ. ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ್ದು 2025 ರ ಮೇ 6 ರಂದು. ಮರುತಿಂಗಳೇ ಹೈಕೋರ್ಟು ಆ ಶಿಕ್ಷೆಯನ್ನು ತಡೆಹಿಡಿಯಿತು. ಗುಡ್ಡ ಕರಗಿಸಿದ ಮೊಕದ್ದಮೆಗೆ ಹದಿನೈದು ವರ್ಷ ಬೇಕು. 577 ಗುಡಿಸಲು ಕೆಡವಲು ಒಂದು ದಿನ ಸಾಕು.

ಇಷ್ಟು ಓದಿ ಕೆಲವರು ಕೇಳಬಹುದು: ಹಾಗಾದರೆ ಬಡವರಿಗೆಲ್ಲಾ ಕಾಡು ಹಂಚಿಬಿಟ್ಟರೆ ಕಾಡು ಉಳಿದೀತೇ? ಇದು ಕುಹಕದ ಪ್ರಶ್ನೆಯಲ್ಲ, ನಿಜವಾದ ಪ್ರಶ್ನೆ. ಇದನ್ನು ಹಾರಿಸಿ ಹೋಗುವ ನಾಯಕರನ್ನು ನಾನು ನಂಬುವುದಿಲ್ಲ. ಉತ್ತರಕ್ಕಾಗಿ ಕೊಕ್ಕೋವಿನ ದೊಡ್ಡ ಊರಿಗೇ, ಪಶ್ಚಿಮ ಆಫ್ರಿಕಾಕ್ಕೆ ಹೋಗಬೇಕು. ಐವರಿ ಕೋಸ್ಟ್, ಘಾನಾ ಎಂಬ ಎರಡೇ ದೇಶಗಳು ಲೋಕದ ಕೊಕ್ಕೋವಿನ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತವೆ. ಬೆಳೆಯುವವರು ದೊಡ್ಡ ಎಸ್ಟೇಟಿನವರಲ್ಲ, ಕೆಲವೇ ಎಕರೆಯ ಕುಟುಂಬಗಳು. ಐವರಿ ಕೋಸ್ಟಿನಲ್ಲಿ 1960 ರಲ್ಲಿ ಸ್ವಾತಂತ್ರ್ಯ ಬಂದಾಗ ಅಧ್ಯಕ್ಷರಾದ ಊಫುವೆ ಬ್ವಾನಿ ಅವರು ನೆಲ ಕೃಷಿ ಮಾಡಿದವನದು ಎಂದು ಸಾರಿದರು. ಕೇಳಲು ನಮ್ಮ ಅರಸರ ಮಾತಿನಂತೆಯೇ ಇದೆ. ಜನ ಉತ್ತರದಿಂದ, ನೆರೆದೇಶಗಳಿಂದ ಬಂದು ಕಾಡು ಕಡಿದು ಕೊಕ್ಕೋ ಹಾಕಿದರು. ಅಲ್ಲಿಂದೀಚೆಗೆ ಆ ದೇಶದ ಕಾಡಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಹೋಯಿತು. ಬಡವ ಕಡಿದರೂ ಮರ ಬೀಳುತ್ತದೆ, ಸುಳ್ಳು ಹೇಳಬಾರದು.

ಆದರೆ ಯಾಕೆ ಕಡಿದ ಎಂಬುದನ್ನು ನೋಡಿ. ಬಾಯಿಮಾತಿನ ಆಶ್ವಾಸನೆ ಇತ್ತು, ಕಾಗದ ಇರಲಿಲ್ಲ. ಮರ ಕಡಿದು ಬೆಳೆ ಇಟ್ಟರೆ ಮಾತ್ರ ನೆಲ ತನ್ನದೆಂದು ಹೇಳಬಹುದಾಗಿತ್ತು. ಕಾಡನ್ನು ಕಾಡಾಗಿಯೇ ಬಿಟ್ಟವನಿಗೆ ಹಕ್ಕಿಲ್ಲ. ಕಡಿಯುವುದೇ ಪಟ್ಟಾ ಪಡೆಯುವ ದಾರಿಯಾಯಿತು. ಮುಂದೆ 1998 ರಲ್ಲಿ ಕಾನೂನು ಬದಲಾಯಿಸಿ ದೇಶದ ಪೌರರಿಗೆ ಮಾತ್ರ ನೆಲದ ಒಡೆತನ ಎಂದರು. ಬಂದು ನೆಲೆಸಿದ್ದವರ ಕಾಲಡಿಯ ನೆಲ ಅಲುಗಿತು, ಊರೂರಿನಲ್ಲಿ ರಕ್ತ ಹರಿಯಿತು. 2016 ರಲ್ಲಿ ಮೋಂ ಪೆಕೋ ಎಂಬ ರಾಷ್ಟ್ರೀಯ ಉದ್ಯಾನದಿಂದ ಸಾವಿರಾರು ಕೊಕ್ಕೋ ರೈತರನ್ನು ಹೊರಗಟ್ಟಿದರು. ಅದೇ ವರ್ಷ ಇಲ್ಲಿ ದಿಡ್ಡಳ್ಳಿ. ಅಲ್ಲಿಯ ರೈತನ ಗಳಿಕೆಯಾದರೂ ಎಷ್ಟು? 2024 ರ ಏಪ್ರಿಲಿನಲ್ಲಿ ಲೋಕದ ಪೇಟೆಯಲ್ಲಿ ಕಿಲೋಗೆ 800 ರೂಪಾಯಿಗೂ ಮಿಗಿಲಾಗಿದ್ದಾಗ ಅಲ್ಲಿನ ಸರ್ಕಾರ ರೈತನಿಗೆ ಗೊತ್ತುಮಾಡಿದ್ದು 1500 ಫ್ರಾಂಕ್, ಅಂದರೆ ನಮ್ಮ ಲೆಕ್ಕದಲ್ಲಿ 200 ರೂಪಾಯಿಯ ಸುಮಾರು.

ಘಾನಾದ ಸಂಗತಿ ಇನ್ನೂ ಕಣ್ಣು ತೆರೆಸುವಂಥದು. ಅಲ್ಲಿ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಕಾಡುಮರ ರೈತನದಲ್ಲ, ಸರ್ಕಾರದ್ದು. ಕೊಕ್ಕೋಗೆ ನೆರಳಾಗಲೆಂದು ಅವನು ಮೂವತ್ತು ವರ್ಷ ಆ ಮರ ಸಾಕುತ್ತಾನೆ. ಒಂದು ದಿನ ಪರವಾನಿಗೆ ಹಿಡಿದ ಮರದ ವ್ಯಾಪಾರಿ ಬಂದು ಕಡಿದು ಒಯ್ಯುತ್ತಾನೆ. ಮರ ಬಿದ್ದ ರಭಸಕ್ಕೆ ಕೊಕ್ಕೋ ಗಿಡಗಳೂ ಮುರಿಯುತ್ತವೆ. ಒಮ್ಮೆ ಹೀಗೆ ಪೆಟ್ಟು ತಿಂದ ರೈತ ಮುಂದೆ ಏನು ಮಾಡುತ್ತಾನೆ? ಸಸಿಯಿದ್ದಾಗಲೇ ಚಿವುಟಿಹಾಕುತ್ತಾನೆ. ಕಾಡು ಕಾಯಲೆಂದು ಬರೆದ ಕಾನೂನೇ ಕಾಡಿನ ಸಸಿಯ ಕುತ್ತಿಗೆ ಹಿಸುಕಿತು.

ಇದು ಎಲ್ಲಿಯೋ ದೂರದ ಕಥೆ ಎಂದುಕೊಳ್ಳಬೇಡಿ. ಕೊಡಗಿನ ತೋಟಗಳಲ್ಲಿ ಮರಗಸಿ ಮಾಡುವ ನಿಮ್ಮ ಕಣ್ಣಮುಂದೆಯೇ ಇದು ನಡೆದಿದೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನಲ್ಲಿ ಬೀಟೆ, ಹೊನ್ನೆ, ನಂದಿಯಂಥ ಕಾಡುಮರಗಳು ಬೆಳೆಗಾರನವಲ್ಲ, ಸರ್ಕಾರದವು. ಸಿಲ್ವರ್ ಓಕ್ ಆದರೆ ನೆಟ್ಟವನದೇ, ಕಡಿಯಲು ಮಾರಲು ತೊಡಕಿಲ್ಲ. ಪರಿಣಾಮವೇನು? ಹಳೆಯ ಮರ ಒಂದೊಂದಾಗಿ ಒಣಗಿತು, ಅದರ ಜಾಗದಲ್ಲಿ ಆಸ್ಟ್ರೇಲಿಯಾದ ಸಿಲ್ವರ್ ಎದ್ದಿತು. ಅತ್ತಿ ಹಣ್ಣಿಲ್ಲ, ಹಕ್ಕಿಯಿಲ್ಲ, ಜೇನಿಲ್ಲ. ಮರ ಯಾರದು ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರ ಇಲ್ಲದ ಕಡೆ ದೊಡ್ಡವನೂ ಮರ ಉಳಿಸಲಿಲ್ಲ, ಚಿಕ್ಕವನೂ ಉಳಿಸಲಿಲ್ಲ. ನಮ್ಮಲ್ಲಿ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಬೊಮ್ಮನಹಾಳ್, ಕಣೇಕಲ್ ಕಡೆಯ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಅದನ್ನು ತಡೆಯಲು ಮರ ಬೇಕು. ಪಟ್ಟಾ ಇರುವವನು ಬದುವಿನಲ್ಲಿ ಬೇವು ಬಿಡುತ್ತಾನೆ. ವರ್ಷದ ಗುತ್ತಿಗೆಗೆ ಹೊಲ ಮಾಡುವವನಿಗೆ, ಮುಂದಿನ ಯುಗಾದಿಗೆ ಹೊಲ ಯಾರದೋ, ಬೇವು ನೆಡಲು ಹುಚ್ಚೇ?

ಆದುದರಿಂದ ಕಾಡನ್ನು ಕಂಡಕಂಡವರಿಗೆ ಹಂಚಿ ಎಂದು ನಾನು ಹೇಳುತ್ತಿಲ್ಲ. ಇರುವವರ ಹಕ್ಕನ್ನು ಬರೆದುಕೊಡಿ, ಗಡಿ ಗುರುತಿಸಿ, ಆಮೇಲೆ ಕಾಯುವ ಹೊಣೆಯನ್ನೂ ಅವರಿಗೇ ಒಪ್ಪಿಸಿ ಎನ್ನುತ್ತೇನೆ. 2006 ರ ಅರಣ್ಯ ಹಕ್ಕು ಕಾಯ್ದೆ ಹೇಳುವುದೂ ಇದನ್ನೇ. 2005 ರ ಡಿಸೆಂಬರ್ 13 ಕ್ಕೆ ಮೊದಲು ಅನುಭವದಲ್ಲಿದ್ದ ನೆಲಕ್ಕೆ ಮಾತ್ರ ಅದು ಅನ್ವಯ, ನಾಲ್ಕು ಹೆಕ್ಟೇರಿಗೆ ಮೀರುವಂತಿಲ್ಲ, ಮಾರುವಂತಿಲ್ಲ, ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಕಾಡು, ವನ್ಯಪ್ರಾಣಿ, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಅದು ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011 ರಲ್ಲಿ, ಅದು ಹುಲಿ ಮೀಸಲು ಪ್ರದೇಶವಾಗಿದ್ದರೂ, ಸಮುದಾಯ ಹಕ್ಕುಪತ್ರ ದೊರೆಯಿತು. ಸೋಲಿಗರು ಇದ್ದಾರೆ, ಹುಲಿಯೂ ಇದೆ. ತರಗಿಗೆ ಸಣ್ಣ ಬೆಂಕಿ ಹಾಕುವ ತಮ್ಮ ಪದ್ಧತಿ ನಿಲ್ಲಿಸಿದ ಮೇಲೆಯೇ ಲಂಟಾನ ಕಾಡನ್ನೆಲ್ಲಾ ಮುಚ್ಚಿತು ಎಂದು ಅವರು ಹೇಳುತ್ತಾರೆ. ಅವರ ಮಾತನ್ನು ಕೇಳುವ ಅಧಿಕಾರಿ ಎಷ್ಟು ಮಂದಿ?

ನಾಗರಹೊಳೆಯಲ್ಲಿ ಜೇನುಕುರುಬರನ್ನು ಹೊರಹಾಕಿದ ಕಾಡಿನಲ್ಲೇ ಒಂದು ದೊಡ್ಡ ಹೋಟೆಲ್ ಎದ್ದಿತ್ತು. ಆದಿವಾಸಿಗಳು ಹೋರಾಡಿ, 1997 ರಲ್ಲಿ ಹೈಕೋರ್ಟು ಅದು ಸಲ್ಲದು ಎಂದ ಮೇಲೆ ನಿಂತಿತು. ಅದೇ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 2025 ರ ಮೇ ತಿಂಗಳಲ್ಲಿ 52 ಕುಟುಂಬಗಳು ನಮ್ಮ ಹಾಡಿ ನಮ್ಮದು ಎಂದು ತಾವೇ ನಡೆದು ಮರಳಿದವು. ಆ ಕುಟುಂಬಗಳ ಜನ ನಡುವಿನ ವರ್ಷಗಳನ್ನು ಕಳೆದದ್ದು ಕಾಫಿ ತೋಟದ ಲೈನುಗಳಲ್ಲಿ, ನಮ್ಮ ಪಕ್ಕದ ಬಾಗಿಲಿನಲ್ಲಿ.

ಹೊರದೇಶದವರ ಹೊಸ ಕಾನೂನಿನ ಸುದ್ದಿಯೂ ತೋಟದವರಿಗೆ ಗೊತ್ತಿರಲಿ. 2023 ರಲ್ಲಿ ಯುರೋಪಿನ ಒಕ್ಕೂಟ ಒಂದು ಕಾಯ್ದೆ ಮಾಡಿತು. 2020 ರ ಡಿಸೆಂಬರ್ 31 ರ ನಂತರ ಕಾಡು ಕಡಿದ ನೆಲದಿಂದ ಬಂದ ಕೊಕ್ಕೋ, ಕಾಫಿ, ರಬ್ಬರನ್ನು ಅಲ್ಲಿ ಮಾರುವಂತಿಲ್ಲ. ಯಾವ ತುಂಡು ನೆಲದಲ್ಲಿ ಬೆಳೆದದ್ದೆಂದು ನಕ್ಷೆಯಲ್ಲಿ ಬೊಟ್ಟಿಟ್ಟು ತೋರಿಸಬೇಕು. ಆ ದೇಶದ ಭೂಕಾನೂನಿಗೆ ಸರಿಯಾಗಿ ಬೆಳೆದದ್ದಾಗಿರಬೇಕು. ವ್ಯಾಪಾರಿಗಳ ಒತ್ತಾಯಕ್ಕೆ ಜಾರಿಯ ದಿನವನ್ನು ಮುಂದೂಡುತ್ತಾ ಬಂದಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಕಾಗದ ಇರುವವನು ಯಾರು, ಇಲ್ಲದವನು ಯಾರು? ಎಸ್ಟೇಟಿನವನು ನಕ್ಷೆ ಮಾಡಿಸಿ ಕಳಿಸುತ್ತಾನೆ. ಒಂದು ಎಕರೆ ಕಾಫಿ ಇಟ್ಟು ಹಕ್ಕುಪತ್ರಕ್ಕೆ ಅಲೆಯುತ್ತಿರುವ ಆದಿವಾಸಿಯ ಕಾಫಿಯನ್ನು ದಲ್ಲಾಳಿ ಅರ್ಧ ಬೆಲೆಗೆ ಕೇಳುತ್ತಾನೆ. ನಮ್ಮ ಆಂಧ್ರದ ಕೌಲು ರೈತನ ಗತಿಯೂ ಬೇರೆಯಲ್ಲ; 2019 ರ ಕಾಯ್ದೆಯಂತೆ ಸಾಗುವಳಿದಾರನ ಕಾರ್ಡ್ ಬೇಕಾದರೆ ನೆಲದೊಡೆಯನ ಒಪ್ಪಿಗೆ ಬೇಕಾಗಿತ್ತು. ಬೆಕ್ಕಿನ ಒಪ್ಪಿಗೆ ಪಡೆದು ಹಾಲು ಕಾಯಿರಿ ಎಂದಂತೆ!

ನಮ್ಮ ಬೇಡಿಕೆ ಇಷ್ಟು. ತೋಟದ ಪ್ರತಿ ಕಾರ್ಮಿಕ ಕುಟುಂಬಕ್ಕೂ, ತೋಟದ ಹೊರಗೆ, ಹೆಂಡತಿಯ ಹೆಸರೂ ಸೇರಿದ ಪಟ್ಟಾದೊಂದಿಗೆ ನಿವೇಶನ ಮತ್ತು ನಾಲ್ಕು ಮರ ಇಡುವಷ್ಟು ಹಿತ್ತಲು. 25 ಎಕರೆ ಗುತ್ತಿಗೆ ಕೊಡಲು ಸರ್ಕಾರದ ಬಳಿ ನೆಲವಿದ್ದರೆ ಇದಕ್ಕೂ ಇದೆ. ಭೂಕಾಯ್ದೆ ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಮತ್ತೆ ಪರಿಶೀಲಿಸಬೇಕು. ಅರಣ್ಯ ಹಕ್ಕಿನ ಅರ್ಜಿಗಳು ತೀರ್ಮಾನವಾಗುವ ತನಕ ಒಬ್ಬರನ್ನೂ ಎಬ್ಬಿಸಕೂಡದು. ಇದು ಕಾಯ್ದೆಯ ನಾಲ್ಕನೇ ಕಲಮಿನಲ್ಲೇ ಇದೆ, ಹೊಸದಾಗಿ ಯಾರೂ ದಯಪಾಲಿಸಬೇಕಾಗಿಲ್ಲ.

ಲೈನಿನಲ್ಲಿರುವ ಆದಿವಾಸಿ ಕುಟುಂಬಗಳು ಮುಖ್ಯವಾಗಿ ಗಮನಿಸಿ. ನಿಮ್ಮ ಹಿರಿಯರನ್ನು ಪುನರ್ವಸತಿ ಕೊಡದೆ ಕಾಡಿನಿಂದ ಎಬ್ಬಿಸಿದ್ದು 2005 ರ ಡಿಸೆಂಬರ್ 13 ಕ್ಕೆ ಮೊದಲಾಗಿದ್ದರೆ, ಈಗ ತೋಟದಲ್ಲಿದ್ದರೂ ನಿಮಗೆ ಹಕ್ಕು ಕೇಳಲು ಅವಕಾಶವಿದೆ. ಅರ್ಜಿ ಕೊಡಬೇಕಾದದ್ದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಫಾರೆಸ್ಟರಿಗಲ್ಲ. ರೇಷನ್ ಕಾರ್ಡ್, ಮತದಾರರ ಪಟ್ಟಿ, ಮನೆ ಕಂದಾಯದ ರಶೀದಿ ಏನಿದ್ದರೂ ಜೋಡಿಸಿ. ಹಳೆಯ ಮನೆಯ ಅಡಿಪಾಯ, ಬಾವಿ, ಸಮಾಧಿ, ದೇವರ ಗುಡಿ ಇದ್ದ ಜಾಗ ಇವೂ ಸಾಕ್ಷಿಯೇ. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿ ಹೆಬ್ಬೆಟ್ಟು ಹಾಕಿಸಿದರೆ ಅದೂ ಕಾನೂನಿನಲ್ಲಿ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಲಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. 60 ದಿನಗಳೊಳಗೆ ಉಪವಿಭಾಗದ ಸಮಿತಿಗೆ ಮೇಲ್ಮನವಿ ಹೋಗಬೇಕು. ಬರೆಯಲು ಬಾರದವರು ನಮ್ಮ ಸಂಘದ ಸ್ವಯಂಸೇವಕರನ್ನು ಕೇಳಿ, ಕಾಸಿಲ್ಲದೆ ಬರೆದುಕೊಡುತ್ತಾರೆ. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸಹಿ ಮತ್ತು ತಾರೀಖು ಬೀಳುವ ತನಕ ಪಂಚಾಯಿತಿಯ ಮೆಟ್ಟಿಲು ಇಳಿಯಬೇಡಿ.